ಸೊನ್ನೆ ತೆಗೆದ ಸಾಲು

"ಭಾವಾ, ಅಪ್ಪನ ಕಿವಿಗೆ ನೂರಕ್ಕೆ ನೂರು!"

ನಾದಿನಿ ಚಪ್ಪಲಿಯನ್ನೂ ಬಿಡದೆ ನಡುಮನೆಗೆ ನುಗ್ಗಿ ಕೂಗಿದಳು. ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಸೊನ್ನೆಯ ಬಾಯಲ್ಲಿದ್ದ ಕಾಫಿ ಅರ್ಧ ಒಳಗೆ ಹೋಯಿತು, ಅರ್ಧ ಅಂಗಿಯ ಮೇಲೆ ಬಿತ್ತು.

"ಯಾರ ಕಿವಿಗೆ?"

"ಅಪ್ಪನ ಕಿವಿಗೇ ಭಾವ. ಎಡಗಡೆದಕ್ಕೂ ನೂರು, ಬಲಗಡೆದಕ್ಕೂ ನೂರು. ಈ ವಯಸ್ಸಲ್ಲಿ ಇಂಥ ಕಿವಿ ನಾನು ನೋಡೇ ಇಲ್ಲ ಅಂದ್ರು ಕಿವಿ ಮೇಡಂ. ತಗೊಳ್ಳಿ, ಸರ್ಟಿಫಿಕೇಟು."

ಸೊನ್ನೆ ಎಂದರೆ ಈ ಮನೆಯ ಅಳಿಯ. ನಲ್ಲಿ, ಪೈಪು ಮಾರುವ ಕಂಪನಿಯ ಗೋಡೌನಿನಲ್ಲಿ ಗುಮಾಸ್ತ. ಕಂಪ್ಯೂಟರ್ ಹುಚ್ಚು ಹಿಡಿದ ಮೇಲೆ, ಅದು ಒಂದರ ಬದಲು ಸೊನ್ನೆಯಿಂದ ಎಣಿಸುವ ಹಾಗೆ, ನಲ್ಲಿಗಳನ್ನೂ ಸೊನ್ನೆಯಿಂದಲೇ ಎಣಿಸತೊಡಗಿ, ಪ್ರತಿ ಪೆಟ್ಟಿಗೆಗೂ ಒಂದು ನಲ್ಲಿ ಕಡಿಮೆ ಬರೆದು, ಈ ಹೆಸರು ಸಂಪಾದಿಸಿಕೊಂಡಿದ್ದ. ಬೈಗುಳದ ಹಾಗೆ ಶುರುವಾದದ್ದು ಅವನಿಗೇ ಇಷ್ಟವಾಗಿ, ಇಂಟರ್‌ನೆಟ್ಟಿನಲ್ಲೂ ಅದೇ ಹೆಸರು ಇಟ್ಟುಕೊಂಡಿದ್ದ.

ಇನ್ನು ಮಾವನ ಕಿವಿ. ಮಾವ ಮೂವತ್ತೈದು ವರ್ಷ ಲೇತ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಎರಡು ವರ್ಷದ ಹಿಂದೆ ನಿವೃತ್ತಿಯಾಗಿ ಮನೆಗೆ ಬಂದ ವಾರದಲ್ಲೇ ಅವರಿಗೆ ಕಿವಿ ಕೇಳಿಸದಾಯಿತು. "ಆ ಕಬ್ಬಿಣದ ಸದ್ದಲ್ಲಿ ಇಷ್ಟು ದಿನ ಉಳಿದಿದ್ದೇ ಹೆಚ್ಚು" ಎಂದರು ಅತ್ತೆ. ಟ್ಯಾಂಕಿಗೆ ನೀರು ಬಿಡಿ ಎಂದರೆ ಕೇಳಿಸದು. ಬಲ್ಬು ಬದಲಿಸಿ ಎಂದರೆ ಕೇಳಿಸದು. ಊಟಕ್ಕೆ ಮಾತ್ರ ಗಡಿಯಾರ ನೋಡಿಕೊಂಡು ತಾವೇ ಬಂದು ಕೂರುತ್ತಿದ್ದರು, ಪಾಪ. ಏನಾದರೂ ಹೇಳಬೇಕಿದ್ದರೆ ಒಂದು ಸ್ಲೇಟಿನಲ್ಲಿ ಬರೆದು ತೋರಿಸಬೇಕಿತ್ತು. ಅಷ್ಟು ಕಷ್ಟ ಯಾರು ಪಡುತ್ತಾರೆ? ಬರುಬರುತ್ತಾ ಮನೆಯವರಿಗೆ ಅವರ ಮುಂದೆ ಬೀರುವಿನ ಮುಂದೆ ಮಾತಾಡಿದ ಹಾಗೆ ಮಾತಾಡುವುದು ರೂಢಿಯಾಯಿತು.

ಈಗ ಮಾವನ ಡ್ರೈವಿಂಗ್ ಲೈಸೆನ್ಸು ಮುಗಿದಿತ್ತು. ಹೊಸದು ಬೇಕಾದರೆ ಕಿವಿ ಸರಿಯಿದೆ ಎಂಬ ಕಾಗದ ಬೇಕಿತ್ತು. ಹೇಗೂ ಫೇಲಾಗುತ್ತಾರೆ, ಆಮೇಲೆ ಕಾರು ತನ್ನದೇ ಎಂಬ ಲೆಕ್ಕದಲ್ಲಿ ಸೊನ್ನೆಯೇ ಅವರನ್ನು ನಾದಿನಿಯ ಜೊತೆ ಕಳಿಸಿದ್ದ. ಈಗ ನೋಡಿದರೆ ನೂರಕ್ಕೆ ನೂರು.

ಮಾವ ಹಿಂದಿನಿಂದ ಬಂದು, "ಕಾರಿನ ಕೀ ಎಲ್ಲಿ? ಲೈಸೆನ್ಸ್ ಆಫೀಸಲ್ಲಿ ನಾಲ್ಕು ಗಂಟೆಗೆ ಬರೋಕೆ ಹೇಳಿದಾರೆ. ಸೋಮವಾರದಿಂದ ಚಿಕ್ಕ ಮಗಳನ್ನ ಹೈವೇ ಮೇಲೆ ಕಾಲೇಜಿಗೆ ನಾನೇ ಬಿಡ್ತೀನಿ" ಎಂದು ಊರಿಗೆಲ್ಲಾ ಕೇಳುವಂತೆ ಹೇಳಿ, ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದರು.

"ರೀ, ನಾನು ಹೇಳ್ತಿರೋದು ಕೇಳಿಸ್ತಿದೆಯಾ? ಮೊದಲು ಟ್ಯಾಂಕಿಗೆ ನೀರು ಬಿಡಿ!" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು.

ಪೇಪರ್ ಅಲುಗಲಿಲ್ಲ.

"ಎಲ್ಲಿ ಕೇಳಿಸುತ್ತೆ?" ಎಂದಳು ಸೊನ್ನೆಯ ಹೆಂಡತಿ. "ಏನೋ ತಪ್ಪಾಗಿದೆ ಕಣ್ರೀ."

ಸೊನ್ನೆ ವಿಜ್ಞಾನಿಯಂತೆ ಎದ್ದ. ಅಡುಗೆಮನೆಯಿಂದ ದೊಡ್ಡ ಸ್ಟೀಲ್ ತಟ್ಟೆ ತಂದು, ಮಾವನ ಕುರ್ಚಿಯ ಹಿಂದೆ ಎದೆ ಎತ್ತರದಿಂದ ಬಿಟ್ಟ. ತಟ್ಟೆ ಬಿದ್ದು, ಎದ್ದು, ಮೂರು ಸುತ್ತು ಕುಣಿದು ಗೋಡೆಗೆ ಹೊಡೆಯಿತು. ಬೀದಿಯ ನಾಯಿ ಬೊಗಳಿತು. ಪಕ್ಕದ ಮನೆಯ ಟೈಲರ್ ಕುತ್ತಿಗೆಗೆ ಟೇಪು ಸುತ್ತಿಕೊಂಡೇ ಓಡಿಬಂದ. ಮಾವ ನಿಧಾನವಾಗಿ ಪೇಪರಿನ ಪುಟ ತಿರುಗಿಸಿದರು.

"ಏನ್ ಸಾರ್, ಏನ್ ಬಿತ್ತು?" ಟೈಲರಿಗೆ ಏದುಸಿರು.

"ತಟ್ಟೆ. ಈ ಕಿವಿಗೆ ನೂರಕ್ಕೆ ನೂರಂತೆ."

ಟೈಲರ್ ಸರ್ಟಿಫಿಕೇಟನ್ನು ಬಟ್ಟೆ ನೋಡುವ ಹಾಗೆ ಎರಡೂ ಕಡೆ ತಿರುಗಿಸಿ, ಅಂಚನ್ನು ಉಜ್ಜಿ ನೋಡಿದ. "ಕಾಗದ ಒರಿಜಿನಲ್ಲೇ. ಕೆಳಗಡೆ ಸಣ್ಣ ಅಕ್ಷರದಲ್ಲಿ ನಿಮ್ಮ ಹೆಸರು ಯಾಕಿದೆ ಸಾರ್?"

ಸೊನ್ನೆ ಕಾಗದ ಕಿತ್ತುಕೊಂಡ. ಹೌದು. ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ಸದ್ದಿನ ಲೈಬ್ರರಿಯ ಹೆಡರ್ ಅನುವಾದ, ಸೊನ್ನೆ.

ಅವನ ಕಣ್ಣಲ್ಲಿ ನೀರು ಬಂತು. "ಒಬ್ಬರು ಬಳಸ್ತಿದಾರೆ! ಕೇಳಿದ್ಯೇನೇ, ನನ್ನದನ್ನ ಒಬ್ಬರು ಬಳಸ್ತಿದಾರೆ!"

ಹೆಂಡತಿಗೆ ಗೊತ್ತಿತ್ತು. ಮದುವೆಯಾದ ಮೂರು ವರ್ಷದಿಂದ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಟೈಲರ್ ಮಾತ್ರ, "ಅದೇನ್ ಸಾರ್ ಅದು?" ಎಂದು ಕೇಳಿ ಕೆಟ್ಟ.

"ನೋಡಿ, ಚಿತ್ರ ತೋರಿಸೋದು, ಸದ್ದು ಹೊರಡಿಸೋದು, ಇದನ್ನೆಲ್ಲಾ ಮಾಡೋ ಒಂದು ದೊಡ್ಡ ಲೈಬ್ರರಿ ಇದೆ. ಲೈಬ್ರರಿ ಅಂದ್ರೆ ಪುಸ್ತಕದ್ದಲ್ಲ, ಬೇರೆಯವರು ಬರೆದಿಟ್ಟಿರೋ ರೆಡಿ ಪ್ರೋಗ್ರಾಂಗಳ ಗಂಟು. ಅದು ಒಂದು ಕಂಪ್ಯೂಟರ್ ಭಾಷೆಯಲ್ಲಿದೆ. ಅದರಲ್ಲಿ ಏನೇನಿದೆ, ಯಾವುದಕ್ಕೆ ಎಷ್ಟನೇ ನಂಬರು ಅಂತ ಹೇಳೋ ಪಟ್ಟಿಗೆ ಹೆಡರ್ ಅಂತಾರೆ. ಆ ಪಟ್ಟಿನ ನಾನು ಇನ್ನೊಂದು ಭಾಷೆಗೆ ಸಾಲು ಸಾಲಾಗಿ ಇಳಿಸಿದೀನಿ. ಹನ್ನೊಂದು ಸಾವಿರ ಸಾಲು!"

"ಆ ಇನ್ನೊಂದು ಭಾಷೆ ತುಂಬಾ ಜನಕ್ಕೆ ಬರುತ್ತಾ ಸಾರ್?"

"ಈಗ ಯಾರಿಗೂ ಬರಲ್ಲ."

ಟೈಲರ್ ಗೌರವದಿಂದ ತಲೆಯಾಡಿಸಿದ. ಯಾರೂ ತೊಡದ ಅಳತೆಗೆ ಹನ್ನೊಂದು ಸಾವಿರ ಅಂಗಿ ಹೊಲಿದವನನ್ನು ಅವನು ಈ ಮೊದಲು ನೋಡಿರಲಿಲ್ಲ.

ಹೆಂಡತಿ ಮಾತ್ರ ಸರ್ಟಿಫಿಕೇಟನ್ನೂ ಗಂಡನನ್ನೂ ಒಂದು ಸಲ ನೋಡಿ, ತಣ್ಣಗೆ ಕೇಳಿದಳು. "ರೀ. ಕಿವುಡು ಕಿವಿಗೆ ನೂರು ಕೊಟ್ಟಿರೋ ಮೆಷೀನಿಗೆ ಪಟ್ಟಿ ಬರೆದುಕೊಟ್ಟಿರೋದು ನೀವಾ?"

ಸೊನ್ನೆಯ ಸಂತೋಷ ಗಾಳಿ ಹೋದ ಟಯರಿನಂತೆ ಕೂತುಬಿಟ್ಟಿತು.

ಅವನು ಲ್ಯಾಪ್‌ಟಾಪಿಗೆ ಹಾರಿ, ಮೂಲ ಪಟ್ಟಿಯನ್ನೂ ತನ್ನ ಪಟ್ಟಿಯನ್ನೂ ಅಕ್ಕಪಕ್ಕ ತೆರೆದ. ಸದ್ದಿಗೆ ಸಂಬಂಧಪಟ್ಟ ಜಾಗ. ಮೂಲದಲ್ಲಿ ಸೊನ್ನೆ ಅಂದರೆ ಶುರುಮಾಡು. ಒಂದು, ನಿಲ್ಲಿಸು. ಎರಡು, ಏನೂ ಇಲ್ಲ. ಪಕ್ಕದಲ್ಲಿ 'ಇದು ಈಗ ಬಳಕೆಯಲ್ಲಿಲ್ಲ, ಆದರೆ ತೆಗೆಯಬೇಡಿ' ಎಂಬ ಟಿಪ್ಪಣಿ. ಮೂರು, ಜೋರು ಮಾಡು. ನಾಲ್ಕು, ಮೆಲ್ಲಗೆ ಮಾಡು. ಐದು, ಪೂರ್ತಿ ಬಂದ್.

ಅವನ ಪಟ್ಟಿಯಲ್ಲಿ ಆ ಎರಡನೇ ನಂಬರಿನ ಸಾಲು ಇರಲಿಲ್ಲ.

ಅವನಿಗೆ ನೆನಪಾಯಿತು. ಬಳಕೆಯಲ್ಲಿಲ್ಲದ ಸಾಲು ಯಾಕಿರಬೇಕು ಎಂದು, ಅಂಗಿಯ ಮೇಲಿನ ದಾರ ಕಿತ್ತ ಹಾಗೆ ಅವನೇ ಕಿತ್ತೆಸೆದಿದ್ದ. ಆ ದಿನ ತನ್ನ ಅಚ್ಚುಕಟ್ಟಿಗೆ ತಾನೇ ಬೆನ್ನು ತಟ್ಟಿಕೊಂಡಿದ್ದ ಕೂಡ. ಒಂದು ಸಾಲು ಹೋದರೆ ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತುತ್ತವೆ. ಮೆಲ್ಲಗೆ ಮಾಡು ಎಂದು ಹೇಳಿದರೆ ಹೋಗುವುದು ಮೂರನೇ ನಂಬರು. ಮೂರು ಎಂದರೆ ಲೈಬ್ರರಿಗೆ ಜೋರು ಮಾಡು!

"ಅಂದ್ರೆ," ಹೆಂಡತಿ ಬೆರಳು ಮಡಚಿ ಲೆಕ್ಕ ಹಾಕಿದಳು, "ಮೇಡಂ ಸದ್ದು ಇಳಿಸಿ ಇಳಿಸಿ, ಈಗ ಕೇಳಿಸ್ತಾ, ಈಗ ಕೇಳಿಸ್ತಾ ಅಂತ ಕೇಳಿದಾಗೆಲ್ಲಾ ಅದು ಅಪ್ಪನ ಕಿವೀಲಿ ಲಾರಿ ಹಾರ್ನಿನ ಹಾಗೆ ಬಡಿದಿದೆ."

"ಅಷ್ಟಾದ್ರೆ ಯಾರಿಗೆ ಬೇಕಾದ್ರೂ ನೂರು ಬರುತ್ತೆ," ಎಂದು ನಾದಿನಿ ಕಿಸಕ್ಕನೆ ನಕ್ಕಳು. "ಆ ಕುರ್ಚಿಗೂ ಬರುತ್ತೆ ಭಾವ."

"ನಗಬೇಡ ಕಣೇ! ಸೋಮವಾರ ಅವರ ಪಕ್ಕದಲ್ಲಿ ಹೈವೇ ಮೇಲೆ ಕೂರೋಳು ನೀನು. ಹಿಂದಿನಿಂದ ಲಾರಿ ಬಂದು ಹಾರ್ನ್ ಹೊಡೆದ್ರೆ ನಿಮ್ಮಪ್ಪ ಕೇಳಿಸಿಕೊಳ್ತಾರಾ?"

ನಾದಿನಿಯ ನಗು ನಿಂತಿತು.

"ಮೊದಲು ಹೋಗಿ ಸರಿಮಾಡಿ," ಎಂದಳು ಹೆಂಡತಿ. "ನಾಲ್ಕು ಗಂಟೆಯೊಳಗೆ. ಆ ಮೇಡಂ ಹತ್ರ ನಿಜ ಹೇಳಿ, ಅಪ್ಪಂಗೆ ಇನ್ನೊಂದ್ಸಲ ಪರೀಕ್ಷೆ ಮಾಡಿಸಿ."

"ನಿಜ ಹೇಳಿದ್ರೆ ಅವರು ನನ್ನದನ್ನ ಕಿತ್ತುಹಾಕ್ತಾರೆ. ಮೂರು ವರ್ಷಕ್ಕೆ ಸಿಕ್ಕಿರೋ ಒಬ್ಬರೇ ಒಬ್ಬರು ಕಣೇ."

"ಒಬ್ಬರು ಮುಖ್ಯಾನೋ, ನನ್ನ ತಂಗಿ ಮುಖ್ಯಾನೋ?"

ಸೊನ್ನೆ ಉತ್ತರಕ್ಕೆ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ. ಹೆಂಡತಿಯ ಕಣ್ಣು ಕಿರಿದಾದದ್ದು ನೋಡಿ ಗಡಬಡಿಸಿ ಆ ಸಾಲನ್ನು ಪಟ್ಟಿಗೆ ವಾಪಸ್ ಸೇರಿಸಿ, ಹೊಸ ಪಟ್ಟಿಯನ್ನು ಇಂಟರ್‌ನೆಟ್ಟಿಗೆ ಏರಿಸಿದ. ಹನ್ನೆರಡೂವರೆಯಾಗಿತ್ತು.

"ಪೆದ್ದು ಮುದುಕ," ಎಂದು ಅಂಗಿ ಬದಲಿಸುತ್ತಾ ಮಾವನ ಕಡೆ ನೋಡಿ ಗೊಣಗಿದ. "ತಟ್ಟೆ ಬಿದ್ರೆ ಗೊತ್ತಾಗಲ್ಲ, ಕಾರು ಬೇಕಂತೆ. ಹೋದ ತಿಂಗಳು ನಾನು ಕಾರನ್ನ ಗೇಟಿನ ಕಂಬಕ್ಕೆ ಗುದ್ದಿ, ಹಾಲಿನ ವ್ಯಾನ್ ಗುದ್ದಿತು ಅಂತ ಸ್ಲೇಟಲ್ಲಿ ಬರೆದು ತೋರಿಸಿದ್ರೆ ಅದನ್ನೂ ನಂಬಿದ ಮಹಾನುಭಾವ."

"ಶ್! ಅಪ್ಪ ಇದಾರೆ," ಎಂದಳು ಹೆಂಡತಿ.

"ಇದ್ರೇನು?" ಎಂದ ಸೊನ್ನೆ. ಅದೂ ನಿಜವೇ. ಮಾವ ರಾಶಿಭವಿಷ್ಯದಲ್ಲಿ ಮುಳುಗಿದ್ದರು.

ಕಿವಿ ಮೇಡಂ ಅವರ ಕ್ಲಿನಿಕ್ಕು ಎರಡು ಬೀದಿ ಆಚೆ, ಔಷಧಿ ಅಂಗಡಿಯ ಮಹಡಿಯ ಮೇಲೆ. ಟೈಲರ್ ಕರೆಯದೆಯೇ ಜೊತೆಗೆ ಬಂದ. "ನೀವು ಮಾತಲ್ಲಿ ವೀಕು ಸಾರ್, ನಾನಿರ್ತೀನಿ" ಎಂದ. ದಾರಿಯಲ್ಲಿ ಸಿಕ್ಕ ಇಸ್ತ್ರಿಯವನಿಗೂ ಹೂವಿನವಳಿಗೂ, "ಯಾರಿಗೂ ಹೇಳಬೇಡಿ" ಎಂದು ಪೂರ್ತಿ ಕತೆ ಹೇಳಿದ.

ಮೇಡಂ ಊಟ ಮುಗಿಸಿ ಬರುವಾಗ ಒಂದೂಕಾಲು. ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು.

"ಏನಾಗಬೇಕಿತ್ತು?"

ಸೊನ್ನೆ ಮೆಟ್ಟಿಲು ಹತ್ತುತ್ತಾ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕೆಳಗೇ ಉಳಿದಿದ್ದವು. "ಅದು... ನಿಮ್ಮ ಮೆಷೀನು... ಯಾವ ಪ್ರೋಗ್ರಾಂ ಅದು ಮೇಡಂ?"

"ನಾನೇ ಬರೆದಿದ್ದು," ಎಂದು ಮೇಡಂ ಹೆಮ್ಮೆಯಿಂದ ಹೇಳಿದರು. "ಕಾಲೇಜಲ್ಲಿ ಕಲಿತ ಹಳೇ ಭಾಷೇಲಿ. ಹೊರಗಡೆಯಿಂದ ತಗೊಂಡಿರೋದೆಲ್ಲಾ ದಿನಾ ಮಧ್ಯಾಹ್ನ ಒಂದು ಗಂಟೆಗೆ ತಾನೇ ಹೊಸದಾಗುತ್ತೆ. ಶಿಸ್ತು ಅಂದ್ರೆ ಶಿಸ್ತು. ಯಾಕೆ?"

ಒಂದು ಗಂಟೆಗೆ! ಅಂದರೆ ತಾನು ಸರಿಪಡಿಸಿದ ಪಟ್ಟಿ ಆಗಲೇ ಒಳಗೆ ಹೋಗಿ ಕೂತಿದೆ. ಸೊನ್ನೆಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಪ್ಪು ಹೇಳಿಕೊಳ್ಳುವ ಕೆಲಸವೇ ಇಲ್ಲ. ಮಾವನಿಗೆ ಮರುಪರೀಕ್ಷೆ ಮಾಡಿಸಿದರೆ ಸಾಕು.

"ಬೆಳಿಗ್ಗೆ ಬಂದಿದ್ರಲ್ಲ ಮೇಡಂ, ಲೇತ್ ಫೋರ್‌ಮನ್ನು, ಅವರಿಗೆ ಇನ್ನೊಂದು ಸಲ..."

"ಯಾಕೆ? ನೂರು ಸಾಲದೇ? ನೂರಹತ್ತು ಬೇಕಾ?" ಮೇಡಂ ಕನ್ನಡಕ ಸರಿಮಾಡಿಕೊಂಡರು. "ಪರೀಕ್ಷೆ ಮಾಡಿಸ್ಕೊಳ್ಳೋರು ಎದುರಿಗೆ ಇರಬೇಕು. ಈಗ ಯಾರಿಗೆ, ನಿಮಗಾ?"

"ಹೂಂ ಮೇಡಂ, ಇವರಿಗೇ!" ಎಂದುಬಿಟ್ಟ ಟೈಲರ್. ಸೊನ್ನೆಯನ್ನು ಮೊಣಕೈಯಿಂದ ತಿವಿದು, "ಮೆಷೀನ್ ಸರಿಯಾಗಿದೆಯಾ ಅಂತ ಒಳಗೆ ಕೂತು ನೀವೇ ನೋಡ್ಕೊಂಡು ಬನ್ನಿ ಸಾರ್" ಎಂದು ಪಿಸುಗುಟ್ಟಿದ. ಬುದ್ಧಿವಂತಿಕೆಯ ಮಾತೇ ಅನ್ನಿಸಿತು.

ಬೀರುವಿನಷ್ಟೇ ಅಗಲದ ಕೋಣೆ. ಗೋಡೆಗೆಲ್ಲ ಸ್ಪಂಜು. ಕಿವಿಗೆ ದೊಡ್ಡ ಹೆಡ್‌ಫೋನು, ಕೈಯಲ್ಲೊಂದು ಗುಂಡಿ. "ಸದ್ದು ಕೇಳಿಸಿದ ಕೂಡಲೆ ಒತ್ತಿ. ಮೊದಲು ತುಂಬಾ ಸಣ್ಣಗಿರುತ್ತೆ, ಬರ್ತಾ ಬರ್ತಾ ಜೋರಾಗುತ್ತೆ" ಎಂದು ಹೇಳಿ ಮೇಡಂ ಬಾಗಿಲು ಹಾಕಿಕೊಂಡರು.

ಸೊನ್ನೆ ಕಾದ. ಏನೂ ಕೇಳಿಸಲಿಲ್ಲ. ಭೇಷ್, ಮೆಲ್ಲಗೆ ಎಂದರೆ ಈಗ ನಿಜವಾಗಿಯೂ ಮೆಲ್ಲಗೆ ಎಂದು ಖುಷಿಪಟ್ಟ. ಇನ್ನೂ ಕಾದ. ಏನೂ ಇಲ್ಲ. ಗಾಜಿನಾಚೆ ಮೇಡಂ ಒಂದೊಂದೇ ಕೀ ಒತ್ತುತ್ತಾ ಅವನ ಮುಖ ನೋಡುತ್ತಿದ್ದರು. ಮೊದಲು ಕುತೂಹಲದಿಂದ, ಆಮೇಲೆ ಅನುಮಾನದಿಂದ, ಕೊನೆಗೆ ಅಯ್ಯೋ ಪಾಪ ಎನ್ನುವ ಹಾಗೆ. ಸೊನ್ನೆ ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಒತ್ತಲೇ? ಸುಮ್ಮನೆ ಒತ್ತಿದರೆ ಸುಳ್ಳಾಗುತ್ತದೆ. ಒತ್ತದಿದ್ದರೆ? ತನ್ನ ಕಿವಿಯೇ ಹೀಗಿದೆಯೇ? ಗೋಡೌನಿನಲ್ಲಿ ದಿನವಿಡೀ ಪೈಪು ಬೀಳುವ ಸದ್ದು ಅವನಿಗೆ ನೆನಪಾಯಿತು. ಹತ್ತು ನಿಮಿಷ ಕಳೆದರೂ ಗುಂಡಿ ಒತ್ತಲಿಲ್ಲ.

ಹೊರಗೆ ಬಂದಾಗ ಕಾಗದ ಅಚ್ಚಾಗಿತ್ತು. ಎಡಕ್ಕೆ ಸೊನ್ನೆ. ಬಲಕ್ಕೆ ಸೊನ್ನೆ. ಕೆಳಗೆ ಅನುವಾದಕನ ಜಾಗದಲ್ಲಿ ಮೂರನೇ ಸೊನ್ನೆ.

"ಎಷ್ಟು ವರ್ಷದಿಂದ ಹೀಗೆ?" ಎಂದು ಮೇಡಂ ಅವನ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದರು.

"ಕಿರುಚಬೇಡಿ ಮೇಡಂ, ಕೇಳಿಸುತ್ತೆ!"

"ತುಟಿ ನೋಡಿ ಅರ್ಥ ಮಾಡ್ಕೊಳ್ತಾರೆ, ಪಾಪ," ಎಂದರು ಮೇಡಂ, ಟೈಲರ್ ಕಡೆ ತಿರುಗಿ. ಟೈಲರಿಗೆ ಅಷ್ಟೇ ಸಾಕಾಯಿತು. "ಅಯ್ಯೋ ಸಾರ್! ಇರಿ, ಮನೇಲಿ ಹೇಳ್ತೀನಿ" ಎಂದು ಎರಡೆರಡು ಮೆಟ್ಟಿಲು ಹಾರಿ ಮಾಯವಾದ.

ಸೊನ್ನೆಗೆ ಇನ್ನು ದಾರಿಯಿರಲಿಲ್ಲ. ಕಳ್ಳ ಒಪ್ಪಿಕೊಂಡ ಹಾಗೆ ಎಲ್ಲವನ್ನೂ ಒಪ್ಪಿಕೊಂಡ. ತಾನೇ ಸೊನ್ನೆ, ತಾನೇ ಸಾಲು ತೆಗೆದವನು, ಇವತ್ತು ಹನ್ನೆರಡೂವರೆಗೆ ಅದನ್ನು ವಾಪಸ್ ಇಟ್ಟವನೂ ತಾನೇ.

ಮೇಡಂ ಕುರ್ಚಿಯಲ್ಲಿ ದೊಪ್ಪನೆ ಕೂತರು. "ಇವತ್ತಾ? ಇವತ್ತು ಯಾಕ್ರೀ ಸರಿಮಾಡಿದ್ರಿ?"

"ತಪ್ಪಿತ್ತಲ್ಲ ಮೇಡಂ."

"ತಪ್ಪಿತ್ತು ಅಂತ ನನಗೆ ಮೊದಲನೇ ದಿನಾನೇ ಗೊತ್ತಾಯ್ತು! ಮೆಲ್ಲಗೆ ಅಂದ್ರೆ ಕಿವಿ ಹರಿಯೋ ಹಾಗೆ ಕಿರುಚೋದು. ಅಲ್ಲಿಂದ ಕೆಳಗಿನ ನಂಬರಿಗೆಲ್ಲಾ ನನ್ನ ಪ್ರೋಗ್ರಾಮಲ್ಲಿ ನಾನೇ ಒಂದೊಂದು ಕೂಡಿಸಿಬಿಟ್ಟೆ. ಆರು ತಿಂಗಳಿಂದ ಗಡಿಯಾರದ ಹಾಗೆ ಓಡ್ತಿತ್ತು. ಈಗ ನೀವೂ ಒಂದು ಕೂಡಿಸಿದ್ರಿ, ನಾನೂ ಒಂದು ಕೂಡಿಸಿದೀನಿ. ಮೆಲ್ಲಗೆ ಮಾಡು ಅಂದ್ರೆ ಹೋಗೋದು ಐದನೇ ನಂಬರು. ಪೂರ್ತಿ ಬಂದ್!"

"ನನಗೊಂದು ಮಾತು ತಿಳಿಸಬಾರದಿತ್ತಾ ಮೇಡಂ?"

"ಒಂದು ಕೂಡಿಸೋಕೆ ಒಂದು ನಿಮಿಷ. ನಿಮಗೆ ಪತ್ರ ಬರೆಯೋಕೆ ಅರ್ಧ ಗಂಟೆ. ನಿಮ್ಮ ಪಟ್ಟಿ ಸಹವಾಸವೇ ಬೇಡ, ಇವತ್ತೇ ತೆಗೆದುಹಾಕ್ತೀನಿ. ನನಗೆ ಬೇಕಾಗಿರೋದು ಆರೇ ಸಾಲು, ನಾನೇ ಬರ್ಕೋತೀನಿ."

ಮೂರು ವರ್ಷಕ್ಕೆ ಸಿಕ್ಕಿದ ಒಬ್ಬರೂ ಹೋದರು. ಸೊನ್ನೆ ತನ್ನ ಕಾಗದ ಮಡಚಿಕೊಂಡು ಬಾಗಿಲವರೆಗೆ ಬಂದವನು ಹಾಗೇ ನಿಂತ.

"ಮೇಡಂ. ಅಂದ್ರೆ ಬೆಳಿಗ್ಗೆ ಮೆಷೀನ್..."

"ಸರಿಯಾಗೇ ಇತ್ತು."

"ಅಂದ್ರೆ ನಮ್ಮ ಮಾವ..."

"ಸೂಜಿ ಬಿದ್ರೂ ಕೇಳಿಸುತ್ತೆ ಅವರಿಗೆ."

ಮನೆಗೆ ಎರಡೇ ಬೀದಿ. ಸೊನ್ನೆಗೆ ಅದು ಎರಡು ವರ್ಷದಷ್ಟು ಉದ್ದವಾಯಿತು. ಹೆಜ್ಜೆಗೊಂದು ಮಾತು ನೆನಪಿಗೆ ಬರುತ್ತಿತ್ತು. ಮಾವನ ಗೊರಕೆಯನ್ನು ಕೆಟ್ಟ ಪಂಪ್‌ಸೆಟ್ಟಿಗೆ ಹೋಲಿಸಿದ್ದು. ಅವರ ಎದುರಿಗೇ ಅವರ ಕೋಣೆಯನ್ನು ತನ್ನ ಕಂಪ್ಯೂಟರ್ ರೂಮ್ ಮಾಡುವ ಬಗ್ಗೆ ಟೇಪು ಹಿಡಿದು ಅಳತೆ ತೆಗೆದಿದ್ದು. ಅವರನ್ನು ಕುಂಬಳಕಾಯಿ ಎಂದದ್ದು. ಕಂಬಕ್ಕೆ ಗುದ್ದಿದ ಕಾರು. ಇವತ್ತಿನ ಪೆದ್ದು ಮುದುಕ. ಇಸ್ತ್ರಿಯವನು ಅವನನ್ನು ಕಂಡು ಕೈಸನ್ನೆಯಲ್ಲಿ ಸಮಾಧಾನ ಹೇಳಿದ. ಹೂವಿನವಳು, "ಸಾರ್! ಧೈರ್ಯ! ತಗೋಬೇಕು!" ಎಂದು ಒಂದೊಂದೇ ಪದ ಬಿಡಿಸಿ ಕೂಗಿದಳು. ಟೈಲರಿನ ಕೆಲಸ ಮುಗಿದಿತ್ತು.

ಆಗ ಅವನ ತಲೆಯಲ್ಲಿ ದೀಪ ಹತ್ತಿತು. ತಾನೀಗ ಕಿವುಡ! ಕೈಯಲ್ಲಿ ಸರ್ಟಿಫಿಕೇಟೂ ಇದೆ. ಮಾವ ಬೈದರೆ ಯಾರಿಗೆ ಬೈಯಬೇಕು?

ಮಾವ ಲೈಸೆನ್ಸ್ ಆಫೀಸಿನಿಂದ ವಾಪಸ್ ಬರಲಿ ಎಂದು ಅವನು ಪಾರ್ಕಿನ ಬೆಂಚಿನಲ್ಲಿ ಐದರವರೆಗೂ ಕೂತ. ಏನೂ ಕೇಳಿಸದವನ ಮುಖ ಹೇಗಿರಬೇಕೆಂದು ಅಲ್ಲೇ ಅಭ್ಯಾಸ ಮಾಡಿ, ಮನೆಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕುಸಿದ. ಅತ್ತೆ, "ಏನಪ್ಪಾ ಇದು ಹೀಗಾಯ್ತು" ಎಂದು ಕಣ್ಣೊರೆಸಿಕೊಂಡರು. ಸೊನ್ನೆ ಗೋಡೆ ನೋಡಿದ. "ರೀ, ರೀ" ಎಂದು ಹೆಂಡತಿ ಭುಜ ಅಲುಗಿಸಿದಳು. ಕಾಗದ ತೆಗೆದು ಕೊಟ್ಟು, ಮತ್ತೆ ಗೋಡೆ ನೋಡಿದ.

"ಲೈಸೆನ್ಸು ಸಿಕ್ತು," ಎಂಬ ದನಿ ಹಿಂದಿನಿಂದ ಬಂತು. ಮಾವ. ಈ ಸಲ ಊರಿಗೆಲ್ಲಾ ಕೇಳುವಂತೆ ಅಲ್ಲ, ತೀರಾ ಮೆಲ್ಲಗೆ. "ಎರಡು ವರ್ಷ ಆರಾಮಾಗಿದ್ದೆ. ಟ್ಯಾಂಕಿಲ್ಲ, ಬಲ್ಬಿಲ್ಲ. ಕಾರಿನ ಆಸೆಗೆ ಎಲ್ಲಾ ಬಿಟ್ಟುಕೊಡಬೇಕಾಯ್ತು."

ಅತ್ತೆಯ ಕೈಯಲ್ಲಿದ್ದ ಸೆರಗು ಕಣ್ಣಿನ ಹತ್ತಿರವೇ ನಿಂತಿತು. "ಅಂದ್ರೆ ಎರಡು ವರ್ಷದಿಂದ..."

"ನಿನ್ನ ಹತ್ರ ಆಮೇಲೆ ಮಾತಾಡ್ತೀನಿ ಕಣೇ. ಮೊದಲು ಅಳಿಯಂದಿರು."

ಸೊನ್ನೆ ಉಸಿರು ಬಿಗಿಹಿಡಿದು ಗೋಡೆಯನ್ನೇ ನೋಡಿದ. ಕ್ಯಾಲೆಂಡರಿನ ದಿನಗಳನ್ನು ಎಣಿಸಿದ, ಸೊನ್ನೆಯಿಂದ. ಹಿಂದೆ ಹೆಜ್ಜೆ ಸದ್ದು ಅಡುಗೆಮನೆಗೆ ಹೋಯಿತು, ವಾಪಸ್ ಬಂತು. ಆಮೇಲೆ ಮೌನ. ಪರವಾಗಿಲ್ಲ, ತಪ್ಪಿಸಿಕೊಂಡೆ ಎಂದುಕೊಂಡ.

ಢಣ್!

ಸೊನ್ನೆ ಕುರ್ಚಿಯಿಂದ ಮೊಳದಷ್ಟು ಎತ್ತರ ಹಾರಿ, "ಅಯ್ಯಯ್ಯೋ!" ಎಂದು ಕಿರುಚಿ ಹಿಂದೆ ತಿರುಗಿದ. ಸ್ಟೀಲ್ ತಟ್ಟೆ ಮೂರು ಸುತ್ತು ಕುಣಿದು ಗೋಡೆಗೆ ಹೊಡೆಯಿತು. ಬೀದಿಯ ನಾಯಿ ಬೊಗಳಿತು. ನಾದಿನಿ ಬಾಯಿಗೆ ದುಪಟ್ಟಾ ತುರುಕಿಕೊಂಡು ಒಳಗೆ ಓಡಿದಳು.

"ಕಲಿಯೋದು ಬಹಳ ಇದೆ ಕಣಪ್ಪಾ," ಎಂದರು ಮಾವ. "ಬೆಳಿಗ್ಗೆ ನೀನು ಬೀಳಿಸಿದಾಗ ನನಗೂ ಜೀವ ಬಾಯಿಗೆ ಬಂದಿತ್ತು. ಆದ್ರೂ ಪುಟ ತಿರುಗಿಸಿದೆ ನೋಡು. ಮೂವತ್ತೈದು ವರ್ಷ ಲೇತಿನ ಪಕ್ಕ ಪೇಪರ್ ಓದಿದ ಅಭ್ಯಾಸ ಅದು."

ಅವರು ಬಗ್ಗಿ ತಟ್ಟೆ ಎತ್ತಿಟ್ಟರು. ಕಾರಿನ ಕೀಯನ್ನು ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಎರಡು ವರ್ಷ ತಮ್ಮ ಪಕ್ಕದಲ್ಲಿದ್ದ ಸ್ಲೇಟನ್ನು ತೆಗೆದುಕೊಂಡು ಏನೋ ಬರೆದು, ಅಳಿಯನ ತೊಡೆಯ ಮೇಲೆ ಇಟ್ಟು, ಟ್ಯಾಂಕಿಗೆ ನೀರು ಬಿಡಲು ಹೊರಟರು.

ಸ್ಲೇಟಿನ ಮೇಲೆ ದುಂಡಗೆ ಬರೆದಿತ್ತು: ನಾಳೆ ಬೆಳಿಗ್ಗೆ ಹತ್ತು ಗಂಟೆ. ಗೇಟಿನ ಕಂಬದ ಹತ್ತಿರ. ಹಾಲಿನ ವ್ಯಾನಿನವನೂ ಬರುತ್ತಾನೆ.